ನಾದಿರಾಳಿಗೆ ವಾರಸುದಾರರು ಬೇಕಿಲ್ಲ

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಓದಿ ಕಣ್ಣೀರು ಹಾಕಿದವರು ಕನ್ನಡನಾಡಿನಲ್ಲಿ ಬಹಳ ಮಂದಿ ಇದ್ದಾರೆ. ಅಳಲಿ, ಬೇಡವೆನ್ನುವುದಿಲ್ಲ. ಆದರೆ ಕಣ್ಣೊರೆಸಿಕೊಂಡ ಮೇಲೆ ಅವರ ಬಾಯಿಂದ ಬರುವ ಮಾತು ಕೇಳಿದರೆ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಒಬ್ಬರು, “ಆ ಧರ್ಮದ ಹೆಂಗಸರ ಪಾಡೇ ಅಷ್ಟು” ಎನ್ನುತ್ತಾರೆ. ಇನ್ನೊಬ್ಬರು, “ನಮ್ಮ ಧರ್ಮದಲ್ಲಿ ಹಾಗಿಲ್ಲ, ಮನೆಯ ಮಾತನ್ನು ಬೀದಿಗೆ ತಂದರು” ಎನ್ನುತ್ತಾರೆ. ಮತ್ತೊಬ್ಬರು ಕನ್ನಡಕ ಸರಿಮಾಡಿಕೊಂಡು, “ಒಳ್ಳೆಯ ಸಾಮಾಜಿಕ ದಾಖಲೆ, ಕಲೆಯ ದೃಷ್ಟಿಯಿಂದ ಸ್ವಲ್ಪ ಸಪ್ಪೆ” ಎಂದು ಅಂಕ ಹಾಕುತ್ತಾರೆ. ಮೂವರೂ ಅದರ ನಾಯಕಿ ನಾದಿರಾಳನ್ನು ಎಳೆದುಕೊಂಡು ತಮ್ಮ ತಮ್ಮ ಅಂಗಳಕ್ಕೆ ಒಯ್ಯುತ್ತಾರೆ. ಅವಳಿಗೆ ಏನು ಬೇಕಿತ್ತು ಎಂದು ಕೇಳುವವರು ಅಲ್ಲಿಯೂ ಇಲ್ಲ.

ಆ ಕಾದಂಬರಿಯ ವಸ್ತುವೇ ಅದು. ನಾದಿರಾಳನ್ನು ಯಾರೂ ಏನನ್ನೂ ಕೇಳುವುದಿಲ್ಲ.

ಕಥೆ ಗೊತ್ತಿರುವವರೂ ಇನ್ನೊಮ್ಮೆ ಈ ಕಡೆಯಿಂದ ನೋಡಿ. ಚಂದ್ರಗಿರಿ ಹೊಳೆಯ ದಂಡೆಯ ಬಡ ಮುಸ್ಲಿಂ ಕುಟುಂಬ. ತಂದೆ ಮಹಮ್ಮದ್ ಖಾನ್. ಮನೆಯಲ್ಲಿ ಅವನ ಮಾತೇ ಮಾತು, ಅವನ ಸಿಟ್ಟೇ ಹವಾಮಾನ. ಅವನು ಗಂಡು ಗೊತ್ತುಮಾಡುತ್ತಾನೆ, ನಾದಿರಾ ರಶೀದನ ಹೆಂಡತಿಯಾಗುತ್ತಾಳೆ. ಕೇಳಲಿಲ್ಲ. ಅದೃಷ್ಟಕ್ಕೆ ರಶೀದ್ ಒಳ್ಳೆಯವನು, ಸಂಸಾರ ಹಿತವಾಗಿದೆ, ಒಂದು ಕೂಸೂ ಹುಟ್ಟುತ್ತದೆ. ಆಮೇಲೆ ಕಿರಿಯ ಮಗಳ ಮದುವೆಗೆ ಹಣ ಬೇಕಾಗುತ್ತದೆ. ಅಳಿಯನಿಂದ ಅದು ಹುಟ್ಟುವುದಿಲ್ಲ. ಮಾವನ ಅಹಂಕಾರಕ್ಕೆ ಪೆಟ್ಟು ಬೀಳುತ್ತದೆ. ಮಗಳನ್ನು ಮನೆಗೆ ಕರೆತಂದವನು ತಿರುಗಿ ಕಳಿಸುವುದಿಲ್ಲ. ಅವಳನ್ನು ಕೇಳಲಿಲ್ಲ. ಅಳಿಯನಿಂದ ತಲಾಖ್ ಹೇಳಿಸುತ್ತಾನೆ. ಆಗಲೂ ಕೇಳಲಿಲ್ಲ. ಇನ್ನೊಂದು ಸಂಬಂಧ ನೋಡುತ್ತಾನೆ. ಕೊನೆಗೆ ಮಗಳ ಬಾಳು ಮಣ್ಣಾಯಿತು ಎಂದು ಅವನಿಗೇ ತೋರಿ, ಹಳೆಯ ಗಂಡನ ಬಳಿಗೇ ಕಳಿಸೋಣ ಎಂದಾಗ ಧರ್ಮದ ಹೆಸರಿನಲ್ಲಿ ಒಂದು ನಿಯಮ ಎದುರು ನಿಲ್ಲುತ್ತದೆ: ತಲಾಖ್ ಆದವಳು ಮೊದಲಿನ ಗಂಡನನ್ನು ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬ ಗಂಡಸನ್ನು ಮದುವೆಯಾಗಿ, ಅವನೊಂದಿಗೆ ರಾತ್ರಿ ಕಳೆದು, ಅವನಿಂದ ತಲಾಖ್ ಪಡೆಯಬೇಕು. ಹಿರಿಯರು ಕೂತು ಅದನ್ನೂ ಏರ್ಪಾಡು ಮಾಡುತ್ತಾರೆ. ಆ ರಾತ್ರಿ ನಾದಿರಾ ಮಸೀದಿಯ ಕೆರೆಗೆ ಬೀಳುತ್ತಾಳೆ.

ಇದರಲ್ಲಿ ಅವಳ ಮದುವೆ ಇದೆ, ಅವಳ ತಲಾಖ್ ಇದೆ, ಅವಳ ಮರುಮದುವೆಯ ಮಾತಿದೆ, ಅವಳ ಮೈಯ ಮೇಲಿನ ಒಂದು ರಾತ್ರಿಯ ಕರಾರಿದೆ. ನಡೆಯುವುದೆಲ್ಲ ಅವಳ ಬಾಳಿನಲ್ಲಿ, ನಿರ್ಧಾರವೆಲ್ಲ ಬೇರೆಯವರದು. ಸಾರಾ ಇದನ್ನು ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಅವರ ವಾಕ್ಯಗಳಿಗೆ ಆಭರಣವಿಲ್ಲ. ಮಸಾಲೆ ಅರೆಯುವ, ಮಗುವಿಗೆ ಹಾಲೂಡಿಸುವ, ಹೊಳೆಯ ಆಚೆ ದಡ ನೋಡುತ್ತ ಕೂರುವ ಹೆಂಗಸರ ಮಾತನ್ನು ಅವರು ಅದೇ ಎತ್ತರದಲ್ಲಿ ಬರೆದರು. ಅದನ್ನು ಸಪ್ಪೆ ಎಂದವರು ಗಂಡಸಿನ ಒಳತೋಟಿಗೆ ನೂರು ಪುಟದ ಸ್ವಗತ ಬೇಕು ಎಂದು ಒಪ್ಪಿಕೊಂಡವರು. ಕೇಳುವವರೇ ಇಲ್ಲದ ಹೆಣ್ಣಿನ ಸ್ವಗತ ಮೊಟಕಾಗಿರುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಆದರೂ ಈ ಕಾದಂಬರಿಯಲ್ಲಿ ಒಂದು ಹೆಣ್ಣು ತನ್ನನ್ನು ತಾನು ಕಟ್ಟಿಕೊಳ್ಳುವುದು ಕಾಣುತ್ತದೆ. ಎಲ್ಲರೂ ಕೆರೆಯ ದೃಶ್ಯವನ್ನೇ ನೆನಪಿಟ್ಟುಕೊಂಡಿದ್ದಾರೆ. ನಾನು ನೆನಪಿಡುವುದು ಅದಕ್ಕಿಂತ ಮುಂಚಿನ ಜಾಗವನ್ನು. ತಂದೆ ಎರಡನೆಯ ಮದುವೆಯ ಮಾತೆತ್ತಿದಾಗ ನಾದಿರಾ ಒಲ್ಲೆ ಎನ್ನುತ್ತಾಳೆ. ಅಲ್ಲಿಯವರೆಗೆ ಆ ಮನೆಯಲ್ಲಿ ಮಹಮ್ಮದ್ ಖಾನನಿಗೆ ಯಾವ ಹೆಂಗಸೂ ಹಾಗೆ ಹೇಳಿ ದಕ್ಕಿಸಿಕೊಂಡಿರಲಿಲ್ಲ. ಎಳೆಯ ವಯಸ್ಸಿನಲ್ಲೇ ಅವನ ಕೈ ಹಿಡಿದು ಬಂದ ಅವಳ ತಾಯಿಗೆ ಆ ಬಾಯಿ ಬಂದಿರಲಿಲ್ಲ. ಮಗಳಿಗೆ ಬಂತು. ಕಾದಂಬರಿಯ ಬೆನ್ನುಮೂಳೆ ಆ ‘ಒಲ್ಲೆ’.

ಧರ್ಮದ ಮಾತನ್ನು ಎತ್ತುವವರಿಗೆ ಇಲ್ಲಿ ಒಂದು ವಿಷಯ ಹೇಳಬೇಕು. ಕೇರಳ ಮತ್ತು ನಮ್ಮ ಕರಾವಳಿಯ ಮುಸ್ಲಿಮರು ಬಹುಪಾಲು ಶಾಫಿ ಪಂಥದವರು. ಆ ಪಂಥದಲ್ಲಿ ಹೆಣ್ಣಿನ ನಿಕಾಹ್‌ಗೆ ವಲಿ ಬೇಕು, ಅಂದರೆ ಅವಳ ಪರವಾಗಿ ಮಾತು ಕೊಡುವ ಗಂಡು, ಸಾಮಾನ್ಯವಾಗಿ ತಂದೆ. ಮೊದಲ ಮದುವೆಯಲ್ಲಿ ಹುಡುಗಿಯ ಮೌನವನ್ನೇ ಸಮ್ಮತಿ ಎಂದು ಎಣಿಸಿಬಿಡುವ ಪದ್ಧತಿ ಇದೆ. ಆದರೆ ಒಮ್ಮೆ ಸಂಸಾರ ಮಾಡಿದ ಹೆಣ್ಣಿನ ವಿಷಯದಲ್ಲಿ ಅದೇ ಪಂಥ ಅವಳು ಬಾಯಿಬಿಟ್ಟು ಒಪ್ಪಬೇಕು ಎನ್ನುತ್ತದೆ. ಎಂದರೆ ಎರಡನೆಯ ಮದುವೆಗೆ ಒಲ್ಲೆ ಎಂದ ನಾದಿರಾ ಧರ್ಮವನ್ನು ಮೀರಲಿಲ್ಲ. ಅದು ತನಗೆ ಕೊಟ್ಟಿದ್ದ ಒಂದೇ ಒಂದು ಹಿಡಿಯಷ್ಟು ಜಾಗದಲ್ಲಿ ಕಾಲೂರಿ ನಿಂತಳು. ಆ ಜಾಗ ಇದೆಯೆಂದು ಅವಳಿಗೆ ಹೇಳಿಕೊಟ್ಟವರು ಯಾರು? ಯಾರೂ ಇಲ್ಲ. ವಲಿಯ ಹಕ್ಕು ಹಳ್ಳಿಯ ಪ್ರತಿ ಗಂಡಸಿಗೂ ಬಾಯಿಪಾಠ. ಹೆಣ್ಣಿನ ಸಮ್ಮತಿಯ ಹಕ್ಕು ಕಿತಾಬಿನೊಳಗೆ ಮಡಿಸಿಟ್ಟ ಪುಟ. ಮೌಲವಿಗಳು ಶತಮಾನಗಳಿಂದ ಆ ಪುಟವನ್ನು ತಿರುವಿಹಾಕಿ ಮುಂದೆ ಹೋಗಿದ್ದಾರೆ.

ಹಾಗೆಯೇ ಆ ಒಂದು ರಾತ್ರಿಯ ಮದುವೆ, ಇಂದು ಪತ್ರಿಕೆಗಳು ನಿಕಾಹ್ ಹಲಾಲ ಎಂದು ಕರೆಯುವ ಏರ್ಪಾಟು. ಕುರ್‌ಆನಿನ ಎರಡನೆಯ ಅಧ್ಯಾಯದ 230ನೇ ವಚನ, ಅಂತಿಮ ತಲಾಖ್ ಆದ ಮೇಲೆ ಆ ಹೆಣ್ಣು ಬೇರೆ ಗಂಡನನ್ನು ಮದುವೆಯಾಗಿ ಅವನೂ ತಲಾಖ್ ಕೊಟ್ಟರೆ ಮಾತ್ರ ಮೊದಲಿನವನನ್ನು ಸೇರಬಹುದು ಎನ್ನುತ್ತದೆ. ಬಾಯಿಗೆ ಬಂದಂತೆ ತಲಾಖ್ ಹೇಳುವ ಗಂಡಸಿಗೆ ಹಾಕಿದ ಕಡಿವಾಣ ಇದು ಎಂದು ವಿದ್ವಾಂಸರು ವಿವರಿಸುತ್ತಾರೆ. ಮೊದಲೇ ಮಾತಾಡಿಕೊಂಡು ಒಂದು ರಾತ್ರಿಗೆ ಗಂಡು ಗೊತ್ತುಮಾಡುವುದನ್ನು ಹದೀಸುಗಳೇ ಶಪಿಸಿವೆ. ಗಂಡಸಿಗೆ ಹಾಕಿದ ಕಡಿವಾಣದ ಬಾರುಕೋಲು ಹೆಂಗಸಿನ ಮೈಮೇಲೆ ಬಿದ್ದದ್ದು ಹೇಗೆ? ತಲಾಖ್ ಹೇಳಿಸಿದ ಮಹಮ್ಮದ್ ಖಾನ್ ಯಾವ ರಾತ್ರಿಯನ್ನೂ ಯಾರ ಜೊತೆಯೂ ಕಳೆಯಬೇಕಿಲ್ಲ. ತಲಾಖ್ ಹೇಳಿದ ರಶೀದನೂ ಕಳೆಯಬೇಕಿಲ್ಲ. ತಪ್ಪು ಇಬ್ಬರು ಗಂಡಸರದು, ದಂಡ ಕಟ್ಟಬೇಕಾದದ್ದು ನಾದಿರಾಳ ದೇಹ. ಇದನ್ನು ದೇವರ ಮೇಲೆ ಹೊರಿಸುವ ಧೈರ್ಯ ನಿಮಗಿದೆಯೆ ಎಂದು ಸಾರಾ 1980ರ ದಶಕದಲ್ಲೇ ಕೇಳಿದರು. ಅವರಿಗೆ ಸಿಕ್ಕ ಉತ್ತರ ಬೆದರಿಕೆ.

ರಶೀದನ ಮಾತಿಗೆ ಬರುತ್ತೇನೆ. ಅವನು ಒಳ್ಳೆಯವನು ಎಂದು ಎಲ್ಲರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಕುಡಿಯುವವನಲ್ಲ, ಹೊಡೆಯುವವನಲ್ಲ, ಹೆಂಡತಿಯನ್ನು ಪ್ರೀತಿಸುತ್ತಾನೆ. ಆ ಕಾರಣಕ್ಕೇ ಕಾದಂಬರಿ ಅಷ್ಟು ಆಳಕ್ಕೆ ಹೋಗುತ್ತದೆ. ಗಂಡ ರಾಕ್ಷಸನಾಗಿದ್ದರೆ ಓದುಗರಿಗೆ ಹಾಯಾಗಿರುತ್ತಿತ್ತು, ತಮ್ಮ ಮನೆಯ ಸಜ್ಜನ ಗಂಡಸರನ್ನು ಲೆಕ್ಕದಿಂದ ಹೊರಗಿಡಬಹುದಿತ್ತು. ಸಾರಾ ಆ ದಾರಿ ಮುಚ್ಚಿದರು. ಮಾವನ ಒತ್ತಡಕ್ಕೆ ಮಣಿದು ತಲಾಖ್ ಹೇಳಿದವನು ಈ ಸಜ್ಜನನೇ. ಅವಳು ಮತ್ತೆ ಬೇಕು ಎನ್ನಿಸಿದಾಗ ಆ ಒಂದು ರಾತ್ರಿಯ ಏರ್ಪಾಟಿಗೆ ಒಪ್ಪಿದವನೂ ಈ ಸಜ್ಜನನೇ. ಅವಳನ್ನು ಮರಳಿ ಪಡೆಯುವ ಆಸೆಯಲ್ಲಿ ಅವಳ ಮೈ ದಾಟಬೇಕಾದ ನರಕವನ್ನು ಅವನು ದಾರಿಯ ಸುಂಕ ಎಂಬಂತೆ ನೋಡಿದ. ಪ್ರೀತಿ ಇತ್ತು, ಪ್ರಶ್ನೆ ಇರಲಿಲ್ಲ. ಕೇಳದೆ ಪ್ರೀತಿಸುವ ಗಂಡಸು ಎಷ್ಟು ಮೃದುವಾಗಿದ್ದರೂ ಹೆಣ್ಣನ್ನು ಇಟ್ಟುಕೊಳ್ಳುವವನೇ ಹೊರತು ಜೊತೆಗಿರುವವನಲ್ಲ. ಕಾದಂಬರಿ ಬಿಡಿಸಿಕೊಳ್ಳಬೇಕೆನ್ನುವುದು ತಂದೆಯ ಮುಷ್ಟಿಯಿಂದಷ್ಟೇ ಅಲ್ಲ, ಈ ಒಳ್ಳೆಯತನದ ಹಿಡಿತದಿಂದಲೂ.

ಹೀಗಿರುವಾಗ ವಿಮರ್ಶಕರ ಹಳೆಯ ಪ್ರಶ್ನೆಯೊಂದು ಬರುತ್ತದೆ: ಅವಳನ್ನು ಯಾಕೆ ಸಾಯಿಸಿದರು, ಬಂಡಾಯದ ಹೆಣ್ಣು ಬದುಕಿ ತೋರಿಸಬಾರದಿತ್ತೆ? ಇನ್ನೊಂದು ಗುಂಪು ಆ ಸಾವನ್ನೇ ಪ್ರತಿಭಟನೆ, ಬಿಡುಗಡೆ ಎಂದೆಲ್ಲ ಹಾಡಿ ಹೊಗಳುತ್ತದೆ. ಇವೆರಡೂ ನನಗೆ ಸಹ್ಯವಲ್ಲ. ಇಪ್ಪತ್ತರ ಆಸುಪಾಸಿನ ಒಬ್ಬ ತಾಯಿ ನೀರಿಗೆ ಬಿದ್ದು ಸತ್ತದ್ದರಲ್ಲಿ ಬಿಡುಗಡೆ ಇಲ್ಲ. ಅವಳ ಕೂಸು ದಡದ ಮೇಲೆ ಉಳಿಯಿತು. ಅವಳಿಗೆ ಬದುಕಬೇಕಿತ್ತು. ರಶೀದನ ಮನೆಯಲ್ಲೋ ಬೇರೆಲ್ಲೋ, ಮಗುವನ್ನು ಸೊಂಟಕ್ಕೇರಿಸಿಕೊಂಡು, ತನ್ನ ಮೈ ತನ್ನದಾಗಿ ಇಟ್ಟುಕೊಂಡು ಬದುಕಬೇಕಿತ್ತು. ಅವಳ ಸಾವಿಗೆ ಹೂ ಏರಿಸುವವರು ಅವಳನ್ನು ಕೆರೆಯ ತನಕ ಅಟ್ಟಿಕೊಂಡು ಹೋದವರನ್ನು ಮರೆಸುತ್ತಾರೆ.

ಯಾಕೆ ಸಾಯಿಸಿದರು ಎಂದು ಲೇಖಕಿಯನ್ನು ಕೇಳುವ ಮೊದಲು ಅವಳ ಕೈಯಲ್ಲಿ ಏನಿತ್ತು ಎಂದು ನೋಡಿ. ಓದು ಇಲ್ಲ. ಕೈಯಲ್ಲಿ ಕಾಸಿಲ್ಲ. ಹೆಸರಿನಲ್ಲಿ ಒಂದು ಸೆಂಟ್ಸ್ ಜಾಗವಿಲ್ಲ. ತವರು ತಂದೆಯದು, ಅತ್ತೆಯ ಮನೆ ಗಂಡನದು, ಜಮಾಅತ್ ಗಂಡಸರದು, ಮಸೀದಿಯೊಳಗೆ ಅವಳಿಗೆ ಪ್ರವೇಶವೇ ಇಲ್ಲ. ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಮನೆಯೊಳಗೇ ಕೂತು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಸಾವಿರಾರು ಹೆಂಗಸರಿದ್ದಾರೆ. ಮೊರದಲ್ಲಿ ಎಲೆ, ಹೊಗೆಸೊಪ್ಪು, ನೂಲು ಇಟ್ಟುಕೊಂಡು ಬೆರಳು ಸವೆಯುವವರೆಗೆ ಸುತ್ತಿದವರು. ಕೂಲಿ ಕಡಿಮೆ, ಕೆಮ್ಮು ಜಾಸ್ತಿ. ಆದರೂ ಬೀಡಿ ಬ್ರಾಂಚಿನಿಂದ ಬಂದ ಆ ಪುಡಿಕಾಸು ಎಷ್ಟೋ ಹೆಂಗಸರಿಗೆ ಗಂಡನ ಮುಂದೆ ಕತ್ತೆತ್ತಿ ಮಾತಾಡುವ ಶಕ್ತಿ ಕೊಟ್ಟಿದೆ. ವ್ಯಕ್ತಿತ್ವ, ಸ್ವಾತಂತ್ರ್ಯ ಎಂದು ಸೆಮಿನಾರಿನಲ್ಲಿ ಮಾತಾಡುವಾಗ ಆ ಕೂಲಿಯ ಮಾತು ಯಾಕೆ ಬರುವುದಿಲ್ಲ? ಒಲ್ಲೆ ಎಂದವಳು ಆ ರಾತ್ರಿ ಎಲ್ಲಿ ಮಲಗಬೇಕು, ಮರುದಿನ ಏನು ಉಣ್ಣಬೇಕು ಎಂಬುದಕ್ಕೆ ಉತ್ತರವಿಲ್ಲದ ಸ್ವಾತಂತ್ರ್ಯ ಯಾರಿಗೆ ಬೇಕು?

ಇದು ನಾದಿರಾಳ ಒಬ್ಬಳ ಪಾಡೂ ಅಲ್ಲ. ಅನುಪಮಾ ನಿರಂಜನ ‘ಮಾಧವಿ’ ಬರೆದರು. ಮಹಾಭಾರತದ ಉದ್ಯೋಗಪರ್ವದ ಹೆಣ್ಣು ಅವಳು. ಗುರುದಕ್ಷಿಣೆಗೆ ಎಂಟು ನೂರು ಕುದುರೆ ಬೇಕು ಎಂದು ಗಾಲವ ಬಂದಾಗ, ಕೊಡಲು ಕುದುರೆಯಿಲ್ಲದ ಯಯಾತಿ ಮಗಳನ್ನೇ ಕೊಡುತ್ತಾನೆ. ಮೂವರು ರಾಜರು ಇನ್ನೂರಿನ್ನೂರು ಕುದುರೆ ಕೊಟ್ಟು ಒಬ್ಬರಾದ ಮೇಲೊಬ್ಬರು ಅವಳಲ್ಲಿ ಗಂಡುಮಕ್ಕಳನ್ನು ಪಡೆಯುತ್ತಾರೆ. ಉಳಿದ ಇನ್ನೂರಕ್ಕೆ ಬದಲಾಗಿ ಅವಳು ವಿಶ್ವಾಮಿತ್ರನ ಪಾಲು. ಕೊನೆಗೆ ತಂದೆಗೆ ಸ್ವಯಂವರದ ನೆನಪಾದಾಗ ಅವಳು ವರಿಸುವುದು ಕಾಡನ್ನು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಕೊನೆಗೆ ತಲುಪುವುದು ಮತ್ತೆ ಹುಚ್ಚಾಸ್ಪತ್ರೆಯನ್ನು. ನಾದಿರಾಳಿಗೆ ಕೆರೆ. ಕಾಡು, ಹುಚ್ಚಾಸ್ಪತ್ರೆ, ಕೆರೆ: ನಮ್ಮ ಸಮಾಜ ಒಲ್ಲೆ ಎಂದ ಹೆಣ್ಣಿಗೆ ಬಿಟ್ಟುಕೊಟ್ಟ ಜಾಗಗಳ ಪಟ್ಟಿ ಇದು. ನಮ್ಮ ಲೇಖಕಿಯರು ಸುಳ್ಳು ಹೇಳದೆ ಅದನ್ನು ಬರೆದಿಟ್ಟರು. ಯಯಾತಿ ಯಾವ ಜಮಾಅತಿನವನು? ಕಾವೇರಿಯ ಗಂಡ ಯಾವ ಷರೀಅತ್ ಓದಿದ್ದ? ನಾದಿರಾಳನ್ನು ಓದಿ “ಆ ಧರ್ಮದ ಹೆಂಗಸರ ಪಾಡೇ ಅಷ್ಟು” ಎಂದವರು ತಮ್ಮ ಮನೆಯ ಕಪಾಟಿನಲ್ಲೇ ಇರುವ ಈ ಪುಸ್ತಕಗಳನ್ನು ತೆಗೆದು ನೋಡಲಿ.

ಹೆಣ್ಣನ್ನು ಕೇಳದ ಈ ಪದ್ಧತಿ ಪುಸ್ತಕಗಳಲ್ಲಷ್ಟೇ ಇಲ್ಲ, ಚಂದ್ರಗಿರಿ ಹೊಳೆಯನ್ನೇ ತೆಗೆದುಕೊಳ್ಳಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದಿತು. ಅದಕ್ಕಾಗಿ ಎಷ್ಟು ಮೆರವಣಿಗೆ, ಎಷ್ಟು ಭಾಷಣ! ಕನ್ನಡದ ಆ ಹೋರಾಟ ನ್ಯಾಯವಾದದ್ದು, ನಾನು ಅದರ ಪರ. ಆದರೆ ಆ ಹೊಳೆಯ ಎರಡೂ ದಡದಲ್ಲಿ ತವರಿಗೆ ಹೋಗಿಬರಲು ಗಂಡನ ಅಪ್ಪಣೆ ಕಾಯುತ್ತಿದ್ದ ಹೆಂಗಸರಿಗೆ ಗಡಿ ಯಾವುದು? ಹೊಳೆಗಿಂತ ಎಷ್ಟೋ ಈಚೆ, ಮನೆಯ ಹೊಸ್ತಿಲಿನಲ್ಲೇ ಅವರ ಗಡಿ ಇತ್ತು. ಅದರ ಬಗ್ಗೆ ಯಾವ ಆಯೋಗವೂ ಕೂರಲಿಲ್ಲ. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಕಲಿತ ಕಾಸರಗೋಡಿನ ಸಾರಾ ಎಂಬ ಹೆಣ್ಣುಮಗಳೇ ಆ ಹೊಸ್ತಿಲಿನ ವರದಿಯನ್ನೂ ಬರೆಯಬೇಕಾಯಿತು, ಅದೂ ಕನ್ನಡದಲ್ಲಿ.

ಈಗ ಕಾನೂನಿನ ಮಾತು. ನಾದಿರಾಳ ಹೆಸರಿನಲ್ಲಿ ಮೊಸಳೆ ಕಣ್ಣೀರು ಸುರಿಸಿದವರ ಮೇಲಿನ ನನ್ನ ಸಿಟ್ಟು ಇನ್ನೂ ಬಾಕಿ ಇದೆ.

ಕಾದಂಬರಿ ಪುಸ್ತಕವಾಗಿ ಬಂದದ್ದು 1984ರಲ್ಲಿ. ಮರುವರ್ಷ ಏಪ್ರಿಲ್ 23ರಂದು ಸುಪ್ರೀಂ ಕೋರ್ಟ್ ಇಂದೋರಿನ ಶಾಬಾನು ಪರವಾಗಿ ತೀರ್ಪು ಕೊಟ್ಟಿತು. ಮುದುಕಿಯಾದ ಮೇಲೆ ಮನೆಯಿಂದ ಹೊರಹಾಕಿಸಿಕೊಂಡವಳು ಆಕೆ. ಗಂಡ ವಕೀಲ. ಹೈಕೋರ್ಟು ಗೊತ್ತುಮಾಡಿದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. ಆ ಪುಡಿಗಾಸಿಗಾಗಿ ದೇಶ ಹತ್ತಿ ಉರಿಯಿತು. ಧರ್ಮ ಮುಳುಗಿತು ಎಂದು ಮುಲ್ಲಾಗಳು ಬೀದಿಗೆ ಬಂದರು. ಸರ್ಕಾರ ಮಂಡಿಯೂರಿ 1986ರಲ್ಲಿ ಹೊಸ ಕಾಯ್ದೆ ತಂದಿತು. ಒತ್ತಡ ತಾಳಲಾರದೆ ಆ ಮುದುಕಿ ತಾನು ಗೆದ್ದ ತೀರ್ಪನ್ನು ತಾನೇ ಬೇಡವೆನ್ನಬೇಕಾಯಿತು. ಗೆದ್ದ ಹೆಣ್ಣಿನ ಬಾಯಲ್ಲೂ ಗಂಡಸರ ಮಾತನ್ನೇ ಆಡಿಸಿದರು.

ಮೂವತ್ತು ವರ್ಷ ಕಳೆದು ಉತ್ತರಾಖಂಡದ ಕಾಶೀಪುರದ ಶಾಯರಾ ಬಾನು ಕೋರ್ಟಿಗೆ ಹೋದರು. ಆಕೆಗೆ ತಲಾಖ್ ಬಂದದ್ದು ಅಂಚೆಯಲ್ಲಿ. ತ್ರಿವಳಿ ತಲಾಖ್, ಬಹುಪತ್ನಿತ್ವ, ಹಲಾಲ, ಮೂರನ್ನೂ ಆಕೆ ಪ್ರಶ್ನಿಸಿದ್ದರು. 2017ರ ಆಗಸ್ಟ್ 22ರಂದು ಸಂವಿಧಾನ ಪೀಠ ಮೂರಕ್ಕೆ ಎರಡರ ಬಹುಮತದಲ್ಲಿ ತ್ರಿವಳಿ ತಲಾಖನ್ನು ತಳ್ಳಿಹಾಕಿತು. ಆ ಗೆಲುವು ಆ ಹೆಂಗಸರದು. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾವ ಪಕ್ಷಕ್ಕೂ ಇಲ್ಲ. ಆದರೆ ಆ ತೀರ್ಪು ಹಲಾಲವನ್ನು ಮುಟ್ಟಲಿಲ್ಲ. ನಾದಿರಾಳನ್ನು ಕೆರೆಗೆ ತಳ್ಳಿದ ರಾತ್ರಿಯನ್ನು ಮುಟ್ಟಲಿಲ್ಲ.

2019ರಲ್ಲಿ ಬಂದ ಕಾಯ್ದೆ ಆ ತಲಾಖನ್ನು ಅಸಿಂಧು ಎಂದು ಸಾರಿ, ಹೇಳಿದ ಗಂಡನಿಗೆ ಮೂರು ವರ್ಷದವರೆಗೆ ಜೈಲು ಎಂದಿತು. ಮುಸ್ಲಿಂ ಹೆಣ್ಣುಮಕ್ಕಳ ಉದ್ಧಾರವಾಯಿತು ಎಂದು ಮೇಜು ತಟ್ಟಿದರು. ಆ ಕಾಯ್ದೆಯನ್ನು ಈಗ ಚಂದ್ರಗಿರಿಯ ದಂಡೆಗೆ ತನ್ನಿ. ಜೈಲಿಗೆ ಹೋಗುವವನು ಯಾರು? ರಶೀದ್. ಹೆಂಡತಿ ಬೇಕೆಂದು ಅಂಗಲಾಚಿದವನು. ಜಗಲಿಯ ಮೇಲೆ ಕಾಲುಚಾಚಿ ಕೂತಿರುವವನು ಯಾರು? ಮಹಮ್ಮದ್ ಖಾನ್. ಒಂದು ಸಾಲದ ಹಗೆಗೆ ಮಗಳ ಬಾಳನ್ನು ಅಡವಿಟ್ಟವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತಲಾಖ್ ಅಸಿಂಧು ಎಂಬ ಮಾತು ನಾದಿರಾಳಿಗೆ ಒಂದಿಷ್ಟು ಆಸರೆ ಆಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ತಂದೆಯ ಮನೆಯ ಬೀಗ? ಅದನ್ನು ತೆರೆಯುವ ಕಲಮು ಅದರಲ್ಲಿಲ್ಲ. ತಂದೆಯ ಯಜಮಾನಿಕೆಯನ್ನು ಮುಟ್ಟಲು ಅದನ್ನು ಬರೆದವರಿಗೆ ಮನಸ್ಸೇ ಇರಲಿಲ್ಲ. ಅದನ್ನು ಮುಟ್ಟಿದರೆ ಅವರವರ ಮನೆಯ ಜಗಲಿಯೂ ಅಲ್ಲಾಡುತ್ತದೆ.

ಅಲ್ಲಾಡಿತು ಕೂಡ, ಅದೂ ಅದೇ ಕೇರಳದಲ್ಲಿ. ಹಾದಿಯಾಳನ್ನು ನೆನಪಿಸಿಕೊಳ್ಳಿ. ಸೇಲಂನಲ್ಲಿ ಹೋಮಿಯೋಪತಿ ಓದುತ್ತಿದ್ದ, 24 ವರ್ಷದ, ಪೂರ್ಣ ವಯಸ್ಕ ಹೆಣ್ಣು. ತಾನಾಗಿ ಇಸ್ಲಾಂ ಸ್ವೀಕರಿಸಿದಳು, ತಾನಾಗಿ ಮದುವೆಯಾದಳು. 2017ರ ಮೇ 24ರಂದು ಕೇರಳ ಹೈಕೋರ್ಟ್ ಆ ಮದುವೆಯನ್ನು ರದ್ದುಮಾಡಿ ಅವಳನ್ನು ತಂದೆಯ ವಶಕ್ಕೆ ಕೊಟ್ಟಿತು. ಮದುವೆ ಹೆಣ್ಣಿನ ಬಾಳಿನ ಬಹುಮುಖ್ಯ ನಿರ್ಧಾರ, ಅದನ್ನು ತಂದೆತಾಯಿಯ ಭಾಗವಹಿಸುವಿಕೆಯಿಂದಲೇ ತೆಗೆದುಕೊಳ್ಳಬೇಕು ಎಂಬುದು ತೀರ್ಪಿನ ತಿರುಳು. ಮಹಮ್ಮದ್ ಖಾನ್ ಆಡಿದ್ದು ಇದೇ ಮಾತಲ್ಲವೆ? ಇಲ್ಲಿ ತಂದೆ ಹಿಂದೂ, ಮಾತಾಡಿದವರು ಕರಿಕೋಟಿನವರು, ಅಷ್ಟೇ ವ್ಯತ್ಯಾಸ. ತಿಂಗಳುಗಟ್ಟಲೆ ಅವಳು ತವರಿನಲ್ಲಿ ಪೊಲೀಸರ ಕಾವಲಿನಲ್ಲಿ ಇರಬೇಕಾಯಿತು. ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ನಿಂತು ತನಗೆ ಸ್ವಾತಂತ್ರ್ಯ ಬೇಕು ಎಂದಳು. 2018ರ ಮಾರ್ಚ್ 8ರಂದು ಅವಳ ಮದುವೆ ಮತ್ತೆ ಅವಳಿಗೆ ಸಿಕ್ಕಿತು. ಎರಡು ಕೋರ್ಟುಗಳು, ತಂದೆ, ಸಂಘಟನೆಗಳು, ತನಿಖಾ ಸಂಸ್ಥೆ, ಇಷ್ಟು ಜನ ಸೇರಿ ತಿಂಗಳುಗಟ್ಟಲೆ ಚರ್ಚಿಸಿದ್ದು ಅವಳನ್ನೇ ಕೇಳಿ ಒಂದು ನಿಮಿಷದಲ್ಲಿ ತಿಳಿಯಬಹುದಾಗಿದ್ದ ವಿಷಯವನ್ನು.

2022ರಲ್ಲಿ ಉಡುಪಿಯ ಹುಡುಗಿಯರ ತಲೆಯ ಮೇಲಿನ ಬಟ್ಟೆಯ ಬಗ್ಗೆ ಇಡೀ ರಾಜ್ಯ ಜಗಳಕ್ಕೆ ನಿಂತಿತಲ್ಲ, ಆಗಲೂ ಅಷ್ಟೇ. ಹಾಕಲೇಬೇಕು ಎಂದವರು ಹುಡುಗಿಯರನ್ನು ಕೇಳಲಿಲ್ಲ, ತೆಗೆಯಲೇಬೇಕು ಎಂದವರೂ ಕೇಳಲಿಲ್ಲ. ಪರೀಕ್ಷೆ ತಪ್ಪಿದ್ದು ಹುಡುಗಿಯರಿಗೆ. ಕಾಲೇಜಿನ ಗೇಟು ಮುಚ್ಚಿದರೆ ಅವರಿಗೆ ಉಳಿಯುವ ದಾರಿ ನಾದಿರಾ ಹುಟ್ಟಿದ ಮನೆಗೆ ಹೋಗುತ್ತದೆ ಎಂಬ ಅಳುಕು ಇಬ್ಬರಿಗೂ ಇರಲಿಲ್ಲ.

ಸಾರಾ ಅವರಿಗೂ ಇದೇ ಆಯಿತು. ಕಾಸರಗೋಡಿನ ತಮ್ಮ ಸಮುದಾಯದಲ್ಲಿ ಶಾಲೆಯ ಓದು ಮುಗಿಸಿದ ಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು ಅವರು. 1936ರಲ್ಲಿ ಹುಟ್ಟಿದವರು, ಮಕ್ಕಳನ್ನು ಬೆಳೆಸಿ, ಸಂಸಾರದ ಭಾರ ಸ್ವಲ್ಪ ಇಳಿದ ಮೇಲೆ, 1981ರಲ್ಲಿ ‘ಲಂಕೇಶ್ ಪತ್ರಿಕೆ’ಗೆ ಕೋಮು ಸೌಹಾರ್ದದ ಬಗ್ಗೆ ಲೇಖನ ಬರೆದು ಶುರುಮಾಡಿದರು. ಆಗ ಅವರಿಗೆ ನಲವತ್ತೈದು. ಆ ನಲವತ್ತೈದು ವರ್ಷದ ಮೌನಕ್ಕೆ ಯಾರು ಲೆಕ್ಕ ಕೊಡುತ್ತಾರೆ? ಲಂಕೇಶರು ಬೆನ್ನು ತಟ್ಟಿದರು, ನಾದಿರಾಳ ಕಥೆ ಅದೇ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಸಮುದಾಯದ ಮತಾಂಧರು ಮೇಲೆ ಬಿದ್ದರು. ಹೊರಗಿನವರು ಭೇಷ್ ಎಂದರು, ಭೇಷ್ ಎನ್ನುತ್ತಲೇ ‘ಮುಸ್ಲಿಂ ಲೇಖಕಿ’ ಎಂಬ ಖಾನೆಯೊಳಗೆ ಕೂರಿಸಿದರು. ಕೋಮುವಾದದ ವಿರುದ್ಧ ಅದೇ ಲೇಖನಿ ಎದ್ದಾಗ ಆ ಭೇಷ್ ಕೇಳಿಸಲಿಲ್ಲ. ಮುಂದೆ ‘ಬ್ಯಾರಿ’ ಎಂಬ ಚಿತ್ರಕ್ಕೆ 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಇನ್ನೊಂದು ಚಿತ್ರದೊಂದಿಗೆ ಹಂಚಿಕೆಯಾಗಿ ಬಂತು. ಅದು ತಮ್ಮ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡದ್ದು ಎಂದು ಸಾರಾ ಮಂಗಳೂರಿನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ನ್ಯಾಯಾಲಯ ಅವರ ಮಾತನ್ನು ಎತ್ತಿಹಿಡಿಯಿತು. ಯಾರೂ ಕೇಳದ ಹೆಣ್ಣಿನ ಕಥೆ ಬರೆದವರು, ಎಪ್ಪತ್ತು ದಾಟಿದ ಮೇಲೆ, ನನ್ನನ್ನು ಕೇಳಲಿಲ್ಲ ಎಂದು ಕೋರ್ಟಿಗೆ ಹೋಗಬೇಕಾಯಿತು. 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಹೊಗಳಿಕೆಯ ಮಳೆ ಸುರಿಯಿತು. ಅವರ ವಾಕ್ಯಗಳನ್ನು ಕೂತು ಓದಿ ಕಲೆಯಾಗಿ ಅಳೆದ ಬರಹಗಳು ಎಷ್ಟು ಬಂದವು?

ಬಾನು ಮುಷ್ತಾಕ್ ಅವರನ್ನು ನೋಡಿ. ಮಸೀದಿಗೆ ಹೆಂಗಸರಿಗೂ ಪ್ರವೇಶ ಬೇಕು ಎಂದದ್ದಕ್ಕೆ ಸಾಮಾಜಿಕ ಬಹಿಷ್ಕಾರ ಉಂಡವರು. 2025ರಲ್ಲಿ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಅದೇ ವರ್ಷ ಮೈಸೂರು ದಸರಾ ಉದ್ಘಾಟಿಸಲು ಅವರನ್ನು ಕರೆದರೆ, ಕೂಡದು ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. ಕೋರ್ಟು ಒಪ್ಪಲಿಲ್ಲ, ಅವರು ಉದ್ಘಾಟಿಸಿದರು. ತಲಾಖಿನ ಮಾತು ಬಂದಾಗ ಮುಸ್ಲಿಂ ಹೆಣ್ಣಿನ ಮೇಲೆ ಉಕ್ಕುವ ಕನಿಕರ, ಅವಳು ನಾಡಿನ ಹೆಸರಿನಲ್ಲಿ ವೇದಿಕೆಯ ನಡುವೆ ನಿಂತಾಗ ಎಲ್ಲಿಗೆ ಇಂಗಿಹೋಗುತ್ತದೆ? ಸತ್ತ ನಾದಿರಾ ಎಲ್ಲರಿಗೂ ಬೇಕು. ಬದುಕಿ ಮಾತಾಡುವ ನಾದಿರಾ ಮಸೀದಿಗೂ ಬೇಡ, ಚಾಮುಂಡಿ ಬೆಟ್ಟಕ್ಕೂ ಬೇಡ.

ಕಾದಂಬರಿಯಲ್ಲಿ ಇನ್ನೊಬ್ಬಳಿದ್ದಾಳೆ. ನಾದಿರಾಳ ತಂಗಿ. ಇಷ್ಟೆಲ್ಲ ನಡೆದದ್ದು ಅವಳ ಮದುವೆಯ ಹಣಕ್ಕೆ. ಅಕ್ಕನ ಸಂಸಾರ ಮುರಿದದ್ದು ತನ್ನ ಹೆಸರಿನಲ್ಲಿ ಎಂದು ಅವಳಿಗೆ ಗೊತ್ತಿತ್ತೆ? ವಿಮರ್ಶೆ ಅವಳನ್ನು ತಿರುಗಿಯೂ ನೋಡಿಲ್ಲ. ಈ ಕಾದಂಬರಿಯ ಬಗ್ಗೆ ಮಾತಾಡುವಾಗ ನಾವು ನಾದಿರಾ, ನಾದಿರಾ ಎಂದು ಅತ್ತೆವೇ ಹೊರತು, ವರದಕ್ಷಿಣೆಯ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಕೂತಿದ್ದ ಆ ಹುಡುಗಿಗೆ ಆ ಮದುವೆ ಬೇಕಿತ್ತೆ ಎಂದು ನಾವೂ ಕೇಳಲಿಲ್ಲ. ಇಂದು ಕಾಸರಗೋಡಿನಲ್ಲಿ, ಮಂಗಳೂರಿನಲ್ಲಿ, ಉಪ್ಪಿನಂಗಡಿಯಲ್ಲಿ, ಭಟ್ಕಳದಲ್ಲಿ ಕಾಲೇಜಿಗೆ ಹೋಗುತ್ತಿರುವ, ಬಸ್ಸಿನಲ್ಲಿ ಕನ್ನಡ, ಬ್ಯಾರಿ, ಮಲಯಾಳ ಕಲಸಿ ಮಾತಾಡುವ ಹುಡುಗಿಯರಲ್ಲಿ ಯಾರಾದರೂ ಆ ತಂಗಿಯ ಕಾದಂಬರಿ ಬರೆಯಬೇಕು. ನಲವತ್ತೈದರವರೆಗೆ ಕಾಯದೆ ಬರೆಯಬೇಕು. ಬರೆದಾಗ ಅದನ್ನು ಹೊತ್ತೊಯ್ಯಲು ಎರಡೂ ಕಡೆಯಿಂದ ಜನ ಬರುತ್ತಾರೆ. ಅವರನ್ನು ಬಾಗಿಲಲ್ಲೇ ತಡೆಯುವ ಕೆಲಸ, ಬಂಡಾಯ ಎಂದು ಹೆಸರಿಟ್ಟುಕೊಂಡ ನಮ್ಮಂಥವರದು.